ಸಿ ಲೈಬ್ರರಿಯ ಮ್ಯಾಕ್ರೋಗಳು ಎರಡೂ ಕಡೆ ಒಂದೇ ಇರಲಿ

ಚಿಕ್ಕಮಗಳೂರಿನ ಸುತ್ತ ಕಾಫಿ ತೋಟಗಳಲ್ಲಿ ಈಗ ಮಳೆ ಅಳೆಯುವ, ಮಣ್ಣಿನ ತೇವ ನೋಡುವ ಸಣ್ಣ ಪೆಟ್ಟಿಗೆಗಳು ಸಿಗುತ್ತವೆ. ನನ್ನ ಕೈಗೆ ಬರುವವುಗಳ ಒಳಗೆ ಸಾಮಾನ್ಯವಾಗಿ 32 ಬಿಟ್ ಆರ್ಮ್ ಚಿಪ್, ಅದರ ಮೇಲೆ ಫ್ರೀಆರ್‌ಟಿಒಎಸ್ ಅನ್ನೋ ಸಣ್ಣ ಆಪರೇಟಿಂಗ್ ಸಿಸ್ಟಂ, ಜೊತೆಗೆ ನ್ಯೂಲಿಬ್ ಅನ್ನೋ ಸಿ ಲೈಬ್ರರಿ (ಸಿ ಭಾಷೆಯ ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಇರುತ್ತದೆ. ಇವುಗಳ ಫರ್ಮ್‌ವೇರ್, ಅಂದರೆ ಚಿಪ್ಪಿನಲ್ಲಿ ಓಡುವ ಪ್ರೋಗ್ರಾಂ, ನೋಡುವುದು ನನ್ನ ಕೆಲಸ. ಅದರಲ್ಲಿ ಜಾಸ್ತಿ ಕಾಡುವುದು ಕೋಡ್ ಬರೆಯುವಾಗ ಆಗುವ ತಪ್ಪುಗಳಲ್ಲ. ಮ್ಯಾಕ್ರೋ ಅಂದರೆ ಕೋಡಿನಲ್ಲಿ ಒಂದು ಬೆಲೆಗೆ ಇಟ್ಟ ಹೆಸರು, ಕಂಪೈಲ್ ಆಗುವ ಮೊದಲೇ ಅದರ ಜಾಗಕ್ಕೆ ಬೆಲೆ ಬಂದು ಕೂರುತ್ತದೆ. ಲೈಬ್ರರಿ ಬಿಲ್ಡ್ ಆದಾಗ ಇದ್ದ ಮ್ಯಾಕ್ರೋ ಬೆಲೆಗಳು ಒಂದು, ಅದನ್ನು ಬಳಸುವ ಪ್ರೋಗ್ರಾಂ ಕಂಪೈಲ್ ಆದಾಗ ಇದ್ದವು ಇನ್ನೊಂದು. ಕಾಡುವುದು ಇದು.

ಮೂಡಿಗೆರೆ ಕಡೆಯ ಒಂದು ತೋಟದಿಂದ ಇಂಥದ್ದೇ ಪೆಟ್ಟಿಗೆ, ಅಳತೆ ಬರೆದಿಡುವ ಲಾಗರ್, ಬಂದಿತ್ತು. ಹೂ ಮಳೆಯ ಸಮಯ. "ಸಾರ್, ಬಿಸಿಲಲ್ಲಿ ಸರಿಯಾಗೇ ಇರುತ್ತೆ, ಮಳೆ ಬಂದ ಕೂಡಲೇ ರೀಸೆಟ್ ಆಗುತ್ತೆ" ಅಂದರು ತೋಟದವರು. ನೀರು ಒಳಗೆ ಹೋಗಿದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಪೆಟ್ಟಿಗೆ ಒಣಗೇ ಇತ್ತು. ಮಳೆ ಬಿದ್ದಾಗ ಒಂದು ಟಾಸ್ಕ್ (ಪ್ರೋಗ್ರಾಂನಲ್ಲಿ ತನ್ನಷ್ಟಕ್ಕೆ ಓಡುವ ಭಾಗ) ಎದ್ದು, ಸಮಯ ಬರೆಯಲು ಲೋಕಲ್‌ಟೈಮ್ ಫಂಕ್ಷನ್ ಕರೆಯುತ್ತಿತ್ತು. ಕೆಡುತ್ತಿದ್ದದ್ದು ಅಲ್ಲಿ.

ನ್ಯೂಲಿಬ್‌ನಲ್ಲಿ ರೀಎಂಟ್ ಅನ್ನೋ ಸ್ಟ್ರಕ್ಚರ್, ಅಂದರೆ ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಮೆಮೊರಿಯ ಕಟ್ಟು, ಇದೆ. ಎರ್‌ನೋ (ಎರರ್‌ನ ಸಂಖ್ಯೆ), ಸಾಲನ್ನು ತುಂಡು ಮಾಡುವ ಸ್ಟ್ರ್‌ಟಾಕ್‌ ಫಂಕ್ಷನ್‌ನ ನೆನಪು, ಲೋಕಲ್‌ಟೈಮ್‌ನ ಬಫರ್ ಎಲ್ಲ ಅದರಲ್ಲೇ ಇರುತ್ತವೆ. ರೀಎಂಟ್ ಸ್ಮಾಲ್ ಅನ್ನೋ ಮ್ಯಾಕ್ರೋ ಹಾಕಿದರೆ ಇವುಗಳಲ್ಲಿ ಎಷ್ಟೋ ಹೊರಗೆ ಹೋಗಿ, ಒಳಗೆ ಬರೀ ಪಾಯಿಂಟರ್ (ಜಾಗದ ವಿಳಾಸ) ಉಳಿಯುತ್ತದೆ. ಸಾಮಾನ್ಯ ಬಿಲ್ಡ್‌ನಲ್ಲಿ ದೊಡ್ಡದಾಗಿರುವ ಸ್ಟ್ರಕ್ಚರ್ ಆಗ ತುಂಬಾ ಸಣ್ಣದಾಗುತ್ತದೆ. ಫ್ರೀಆರ್‌ಟಿಒಎಸ್‌ನಲ್ಲಿ ನ್ಯೂಲಿಬ್ ರೀಎಂಟ್ರಂಟ್ ಆಯ್ಕೆ ಆನ್ ಮಾಡಿದರೆ ಪ್ರತಿ ಟಾಸ್ಕಿಗೂ ಇಂಥದ್ದೊಂದು ಕೊಡುತ್ತಾರೆ, ಅದರ ಸೈಜ್ ಹೆಡರ್ (ಲೈಬ್ರರಿಯ ಹೆಸರು, ಟೈಪ್‌ಗಳನ್ನು ಪ್ರೋಗ್ರಾಂಗೆ ತಿಳಿಸುವ ಫೈಲ್) ನೋಡಿ ತೀರ್ಮಾನವಾಗುತ್ತದೆ.

ನ್ಯೂಲಿಬ್‌ನ ಚಿಕ್ಕ ರೂಪ ನ್ಯಾನೋ, ಅದನ್ನು ಕಟ್ಟುವುದು ರೀಎಂಟ್ ಸ್ಮಾಲ್ ಹಾಕಿಯೇ. ಈ ಪ್ರಾಜೆಕ್ಟ್‌ನಲ್ಲಿ ಅದನ್ನು ಕೇಳುವ ನ್ಯಾನೋ ಸ್ಪೆಕ್ಸ್ ಫ್ಲ್ಯಾಗ್ ಕಂಪೈಲ್ ಸಾಲಿನಲ್ಲಿತ್ತು, ಕಂಪೈಲ್ ಆದ ತುಂಡುಗಳನ್ನೂ ಲೈಬ್ರರಿಯನ್ನೂ ಜೋಡಿಸುವ ಲಿಂಕ್ ಸಾಲಿನಲ್ಲಿ ಇರಲಿಲ್ಲ. ಆರ್ಮ್ ಟೂಲ್‌ಚೈನ್‌ನಲ್ಲಿ ಆ ಫ್ಲ್ಯಾಗ್ ಎರಡು ಕೆಲಸ ಮಾಡುತ್ತದೆ: ಕಂಪೈಲ್ ಮಾಡುವಾಗ ನ್ಯಾನೋ ಹೆಡರ್ ತೋರಿಸುತ್ತದೆ, ಲಿಂಕ್ ಮಾಡುವಾಗ ನ್ಯಾನೋ ಲೈಬ್ರರಿ ತರುತ್ತದೆ. ಅರ್ಧ ಮಾತ್ರ ಕೊಟ್ಟಿದ್ದರಿಂದ ಟಾಸ್ಕಿಗೆ ಸಿಕ್ಕಿದ್ದು ಸಣ್ಣ ಸ್ಟ್ರಕ್ಚರ್, ಬರೆಯಲು ಬಂದದ್ದು ದೊಡ್ಡ ಲೈಬ್ರರಿ. ಅದು ತನ್ನ ಲೆಕ್ಕದಲ್ಲಿ ಬಫರ್ ಎಲ್ಲಿರಬೇಕೋ ಅಲ್ಲಿಗೇ ಬರೆಯಿತು, ಆದರೆ ಆ ಜಾಗ ಆಗಲೇ ಪಕ್ಕದವರ ಮೆಮೊರಿ. ನಮ್ಮಲ್ಲಿ ಕಾಫಿ ಮೂಟೆ ಅಂದರೆ 50 ಕೆಜಿ, ಅಂತರರಾಷ್ಟ್ರೀಯ ಲೆಕ್ಕದಲ್ಲಿ ಮೂಟೆ ಅಂದರೆ 60 ಕೆಜಿ. ಕಾಗದದಲ್ಲಿ ಎರಡೂ ಕಡೆ "ನೂರು ಮೂಟೆ" ಅಂತಲೇ ಇರುತ್ತದೆ. ಲಿಂಕರ್ ನೋಡುವುದೂ ಇಷ್ಟೇ. ಸಿ ಭಾಷೆಯಲ್ಲಿ ಅದು ಹೆಸರು ಹೊಂದಿಸುತ್ತದೆ, ಟೈಪ್ ಹೊಂದುತ್ತದೆಯೇ ಅಂತ ನೋಡುವುದಿಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಹಾಗಾಗಿ ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿ ಕಟ್ಟುವವರಿಗೆ ನಾನು ಒತ್ತಿ ಹೇಳುವುದು ಇದು. ಹೊರಗೆ ಕೊಡುವ ಹೆಡರ್‌ನಲ್ಲಿ ಯಾವ ಮ್ಯಾಕ್ರೋ ಕಾಣಿಸುತ್ತದೋ ಅದರ ಬೆಲೆ ಮೇಕ್‌ಫೈಲಿನಲ್ಲಿ ಕಂಪೈಲರ್‌ಗೆ ಕೊಡುವ ಡ್ಯಾಶ್-ಡಿ ಫ್ಲ್ಯಾಗ್ ಆಗಿ ಉಳಿಯಬಾರದು. ಕಾನ್ಫಿಗರ್ ಮಾಡಿದಾಗಲೇ ಒಂದು ಹೆಡರ್‌ಗೆ ಬರೆದು, ಆ ಹೆಡರನ್ನು ಲೈಬ್ರರಿಯ ಜೊತೆಗೇ ಇನ್‌ಸ್ಟಾಲ್ ಮಾಡಿ. ನ್ಯೂಲಿಬ್ ತನ್ನ ನ್ಯೂಲಿಬ್ ಡಾಟ್ ಹೆಚ್ ಅನ್ನು ಹೀಗೇ ತಯಾರಿಸುತ್ತದೆ. ಒಳಗಿನ ಕೋಡಿಗೆ ಮಾತ್ರ ಬೇಕಾದ ಮ್ಯಾಕ್ರೋಗಳು ಬೇರೆ ಫೈಲಿನಲ್ಲಿರಲಿ, ಅವು ಹೊರಗೆ ಬರಬಾರದು. ಹೊರಗೆ ಬರುವವುಗಳ ಹೆಸರು ಎರಡು ಅಂಡರ್‌ಸ್ಕೋರ್‌ನಿಂದ, ಇಲ್ಲವೇ ಒಂದು ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಶುರುವಾಗಲಿ. ಆ ಹೆಸರುಗಳನ್ನು ಕಂಪೈಲರ್ ಮತ್ತು ಸ್ಟ್ಯಾಂಡರ್ಡ್ ಲೈಬ್ರರಿಗೆ ಮೀಸಲಿಟ್ಟಿದೆ. ಸುಮ್ನೆ ಸ್ಮಾಲ್ ಅಂತ ಇಟ್ಟರೆ ಬಳಸುವವರ ಕೋಡಿನಲ್ಲಿರುವ ಸ್ಮಾಲ್ ಜೊತೆ ಜಗಳ.

ಇನ್ನೊಂದು ಕಾಟ ಇಫ್‌ಡೆಫ್, ಮ್ಯಾಕ್ರೋ ಡಿಫೈನ್ ಆಗಿದೆಯೇ ಅಂತ ಮಾತ್ರ ನೋಡುವ ಸಾಲು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಕಂಪೈಲರ್ ಏನೂ ಹೇಳುವುದಿಲ್ಲ, ಆ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಬೆಲೆ ನೋಡುವ ಬರೀ ಇಫ್ ಹಾಕಿದರೂ ಗೊತ್ತಿಲ್ಲದ ಹೆಸರಿಗೆ ಸಿ ಸ್ಟ್ಯಾಂಡರ್ಡ್ ಪ್ರಕಾರ ಬೆಲೆ 0. ಆದರೆ ಇಫ್ ಬಳಸಿದರೆ ಜಿಸಿಸಿ ಕಂಪೈಲರ್‌ನ ಡಬ್ಲ್ಯು-ಅನ್‌ಡೆಫ್ ವಾರ್ನಿಂಗ್ ನಿಮ್ಮ ನೆರವಿಗೆ ಬರುತ್ತದೆ. ಡಬ್ಲ್ಯು-ಆಲ್, ಡಬ್ಲ್ಯು-ಎಕ್ಸ್‌ಟ್ರಾ ಹಾಕಿದರೆ ಇದು ಆನ್ ಆಗುವುದಿಲ್ಲ, ಬೇರೆಯಾಗಿ ಕೇಳಬೇಕು. ಲಿನಕ್ಸ್‌ನಲ್ಲಿ ಬಳಸುವ ಸಿ ಲೈಬ್ರರಿ ಜಿಲಿಬ್‌ಸಿಯವರು ಹೊಸ ಮ್ಯಾಕ್ರೋಗಳಿಗೆ ಇದೇ ದಾರಿ ಹಿಡಿದಿದ್ದಾರೆ: ಯಾವಾಗಲೂ 0 ಅಥವಾ 1 ಅಂತ ಡಿಫೈನ್ ಮಾಡು, ಇಫ್‌ನಿಂದ ಪರೀಕ್ಷಿಸು. ನನ್ನ ಮಟ್ಟಿಗೆ ಒಂದು ಲೈಬ್ರರಿಯೊಳಗೆ ಎರಡು ಪದ್ಧತಿ ಬೆರೆಸುವುದು ಎಲ್ಲಕ್ಕಿಂತ ಕೆಟ್ಟದ್ದು. 0 ಅಂತ ಡಿಫೈನ್ ಆದ ಮ್ಯಾಕ್ರೋವನ್ನು ಇನ್ನೊಬ್ಬರು ಇಫ್‌ಡೆಫ್‌ನಿಂದ ನೋಡಿದರೆ ಆಫ್ ಮಾಡಿದ್ದು ಆನ್ ಆಗುತ್ತದೆ.

ಜೋಡಿ ಮ್ಯಾಕ್ರೋಗಳ ವಿಷಯದಲ್ಲೂ ಎಚ್ಚರ ಬೇಕು. ನ್ಯೂಲಿಬ್‌ನ ಸ್ಟ್ರ್‌ಲೆನ್ ಥರದ ಫಂಕ್ಷನ್‌ಗಳು ಸಣ್ಣ ರೂಪ ಬೇಕೋ ವೇಗದ ರೂಪ ಬೇಕೋ ಅಂತ ತೀರ್ಮಾನಿಸಲು ಎರಡನ್ನು ನೋಡುತ್ತವೆ. ಒಂದು ಪ್ರಿಫರ್ ಸೈಜ್ ಓವರ್ ಸ್ಪೀಡ್, ಅದು ಲೈಬ್ರರಿಯದು. ಇನ್ನೊಂದು ಆಪ್ಟಿಮೈಜ್ ಸೈಜ್, ಅದನ್ನು ಕೋಡ್ ಸಣ್ಣದಾಗಲಿ ಅನ್ನುವ ಡ್ಯಾಶ್-ಓ-ಎಸ್ ಫ್ಲ್ಯಾಗ್ ಕೊಟ್ಟಾಗ ಜಿಸಿಸಿಯೇ ಡಿಫೈನ್ ಮಾಡುತ್ತದೆ. ಹೊಸ ಫೈಲ್ ಸೇರಿಸುವವರು ಒಂದನ್ನೇ ಬರೆದರೆ ಲೈಬ್ರರಿಯ ಅರ್ಧ ಸಣ್ಣದು, ಅರ್ಧ ದೊಡ್ಡದು ಆಗಿ ಬಿಲ್ಡ್ ಆಗುತ್ತದೆ. ಪ್ರೋಗ್ರಾಂ ಕೆಡುವುದಿಲ್ಲ ನಿಜ, ಫ್ಲ್ಯಾಶ್ ಯಾಕೆ ತುಂಬಿತು ಅಂತ ಮಾತ್ರ ತಿಳಿಯುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ಹೆಸರು ಮಾಡಿ, ಎಲ್ಲ ಕಡೆ ಅದನ್ನೇ ನೋಡಿ. ಹೆಸರು ಡಾಟ್ ದೊಡ್ಡ ಎಸ್ ಅಂತ ಮುಗಿಯುವ ಅಸೆಂಬ್ಲಿ ಫೈಲ್‌ಗಳನ್ನು ಮರೆಯಬೇಡಿ. ಅವೂ ಮ್ಯಾಕ್ರೋ ಬಿಡಿಸುವ ಪ್ರೀಪ್ರೊಸೆಸರ್ ಮೂಲಕ ಹೋಗುತ್ತವೆ, ಆದರೆ ಸಿ ಫೈಲ್‌ಗಳ ಫ್ಲ್ಯಾಗ್ ಪಟ್ಟಿಯಾದ ಸಿಫ್ಲ್ಯಾಗ್ಸ್‌ನಲ್ಲಿ ಇಟ್ಟ ಮ್ಯಾಕ್ರೋ ಎಷ್ಟೋ ಬಿಲ್ಡ್‌ಗಳಲ್ಲಿ ಅವಕ್ಕೆ ತಲುಪುವುದೇ ಇಲ್ಲ.

ಬಳಸುವವರಿಗೆ ಬಿಟ್ಟ ಮ್ಯಾಕ್ರೋ ಇದ್ದರೆ ತಪ್ಪು ಜೋಡಿಯನ್ನು ಹೆಡರೇ ತಡೆಯಲಿ. 2021ರ ಜಿಲಿಬ್‌ಸಿ 2.34ರಲ್ಲಿ ಬಂದ, ಸಮಯದ ಟೈಪ್ ಎಷ್ಟು ಬಿಟ್ ಅಂತ ಹೇಳುವ ಟೈಮ್ ಬಿಟ್ಸ್ ಮ್ಯಾಕ್ರೋಗೆ 64 ಕೊಟ್ಟು, ಫೈಲ್ ಆಫ್‌ಸೆಟ್ ಬಿಟ್ಸ್‌ಗೆ 64 ಕೊಡದಿದ್ದರೆ 32 ಬಿಟ್ ಯಂತ್ರದಲ್ಲಿ ಕಂಪೈಲ್ ಅಲ್ಲೇ ನಿಲ್ಲುತ್ತದೆ. ಮಸಲ್ ಅನ್ನೋ ಇನ್ನೊಂದು ಸಿ ಲೈಬ್ರರಿಯವರು 2020ರ 1.2.0ರಲ್ಲಿ ಇಂಥ ಆಯ್ಕೆಯನ್ನೇ ಕೊಡದೆ ಎಲ್ಲ ಕಡೆ ಸಮಯದ ಟೈಪ್ ಆದ ಟೈಮ್-ಟಿಯನ್ನು 64 ಬಿಟ್ ಮಾಡಿದರು. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಿಂದ ಪ್ರಾಜೆಕ್ಟಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಜಿಸಿಸಿಗೆ ಡ್ಯಾಶ್-ಇ, ಡ್ಯಾಶ್-ಡಿಎಂ ಕೊಟ್ಟು ಎಲ್ಲ ಮ್ಯಾಕ್ರೋಗಳ ಪಟ್ಟಿ ತೆಗೆಯುವುದನ್ನು. ಲೈಬ್ರರಿಯ ಫ್ಲ್ಯಾಗ್‌ಗಳಲ್ಲಿ ಒಂದು ಪಟ್ಟಿ, ಪ್ರೋಗ್ರಾಂನ ಫ್ಲ್ಯಾಗ್‌ಗಳಲ್ಲಿ ಇನ್ನೊಂದು, ಎರಡರ ವ್ಯತ್ಯಾಸ ನೋಡಲು ಡಿಫ್. ಆ ಲಾಗರ್‌ನಲ್ಲಿ ರೀಎಂಟ್ ಸ್ಮಾಲ್ ಒಂದು ಪಟ್ಟಿಯಲ್ಲಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಲಿಂಕ್ ಸಾಲಿಗೂ ನ್ಯಾನೋ ಸ್ಪೆಕ್ಸ್ ಸೇರಿಸಿ ಬೋರ್ಡ್ ವಾಪಸ್ ಕಳಿಸಿದೆ. ಬಿಲ್ಡ್ ಆದ ಲೈಬ್ರರಿಯ ಡಾಟ್-ಎ ಫೈಲ್ ಮಾತ್ರ ಕಳಿಸಿ ಬಳಸಿಕೊಳ್ಳಿ ಅನ್ನುವವರ ಹತ್ತಿರ ಈಗ ಕಾನ್ಫಿಗರ್ ಸಾಲನ್ನೂ, ಅದರಿಂದ ಹುಟ್ಟಿದ ಹೆಡರನ್ನೂ ಕೇಳಿ ಪಡೆಯುತ್ತೇನೆ. ಅವು ಬರುವವರೆಗೆ ಲಿಂಕ್ ಮಾಡುವುದಿಲ್ಲ.