ನಕಲಿಗೆಂದು ಕೊಟ್ಟ ಲೇಖನಿ

ಗಣಕಕ್ಕೆ ಕನ್ನ ಹಾಕುವುದೆಂದರೆ ಪಾಸ್‌ವರ್ಡ್ ಊಹಿಸುವುದು ಎಂಬ ನಂಬಿಕೆಯನ್ನು ಸಿನಿಮಾಗಳು ಬೆಳೆಸಿವೆ. ಆದರೆ ಈಗಾಗಲೇ ಸಕ್ರಮವಾಗಿ ಒಳಗಿರುವ ಸಾಮಾನ್ಯ ಬಳಕೆದಾರನೊಬ್ಬ, ಯಾರ ಪಾಸ್‌ವರ್ಡನ್ನೂ ಕದಿಯದೆ, ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕ್ಷಣಮಾತ್ರದ ಮರೆವನ್ನು ಹಿಡಿದು ಸರ್ವಾಧಿಕಾರವುಳ್ಳ 'ರೂಟ್' ಆಗಿಬಿಡುವುದು ಅದಕ್ಕಿಂತ ಸ್ವಾರಸ್ಯಕರ. 2016ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಬಯಲಾದ 'ಡರ್ಟಿ ಕೌ' ಅಂಥದೊಂದು ದೋಷ. ಅದಕ್ಕೂ ಹಸುವಿಗೂ ಸಂಬಂಧವಿಲ್ಲ. 'ಕಾಪಿ ಆನ್ ರೈಟ್' (ಬರೆಯುವಾಗ ನಕಲು) ಎಂಬುದರ ಮೊದಲಕ್ಷರಗಳು ಸೇರಿ ಇಂಗ್ಲಿಷಿನಲ್ಲಿ 'ಕೌ' ಆಗುತ್ತದೆ.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ನೆನೆಯಿರಿ. ಮೂಲ ವಹಿಯನ್ನು ನೀವು ಓದಬಹುದು, ತಿದ್ದುವಂತಿಲ್ಲ. ಗೀಚಲೇಬೇಕೆಂದರೆ ಗುಮಾಸ್ತ ಆ ಪುಟದ ನಕಲು ತೆಗೆದುಕೊಡುತ್ತಾನೆ. ಕರ್ನಲ್ ಕೂಡ ಹೀಗೆಯೇ, ಬರೆಯುವ ಘಳಿಗೆ ಬಂದಾಗ ಮಾತ್ರ, ಸಾಮಾನ್ಯವಾಗಿ 4096 ಬೈಟ್‌ಗಳ ಒಂದು ಪುಟವನ್ನು ನಕಲು ಮಾಡುತ್ತದೆ. ನಕಲು ಸಿದ್ಧವಾದೊಡನೆ ಗುಮಾಸ್ತ 'ಬರೆಯಲು ಬೇಕಾಗಿದೆ' ಎಂಬ ಚೀಟಿಯನ್ನು ಹರಿದೆಸೆಯುತ್ತಾನೆ. ನಕಲಿದೆಯಲ್ಲ, ಇನ್ನೇಕೆ ಚೀಟಿ ಎಂಬುದು ಅವನ ತರ್ಕ. ಅದೇ ಕ್ಷಣದಲ್ಲಿ ನಿಮ್ಮ ಜೊತೆಗಾರ, ಅಂದರೆ ಅದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೇ ಓಡುವ ಎರಡನೆಯ ಎಳೆ (ಥ್ರೆಡ್), 'ಈ ನಕಲು ಬೇಡ' ಎಂದು ಅದನ್ನು ಕಸದ ಬುಟ್ಟಿಗೆ ಹಾಕಿಸುತ್ತಾನೆ. ಮೇಜಿನ ಮೇಲೆ ಪುಟವಿಲ್ಲದ್ದನ್ನು ಕಂಡ ಗುಮಾಸ್ತ, ಚೀಟಿಯೂ ಇಲ್ಲದ್ದರಿಂದ ಓದಲಷ್ಟೇ ಕೇಳಿದ್ದಾರೆಂದು ಭಾವಿಸಿ, ಮೂಲ ವಹಿಯನ್ನೇ ತಂದಿಡುತ್ತಾನೆ. ಲೇಖನಿಯಾದರೋ ಆಗಲೇ ಶಾಯಿಯಲ್ಲಿ ಅದ್ದಿ ಸಿದ್ಧವಾಗಿದೆ!

ಈ ಹೊಂದಾಣಿಕೆ ಒಂದೇ ಸಲಕ್ಕೆ ಕೂಡಿಬರುವುದು ಅಪರೂಪವಾದ್ದರಿಂದ, ದಾಳಿಯ ಪ್ರೋಗ್ರಾಮು ಎರಡೂ ಕೆಲಸಗಳನ್ನು ಎಡೆಬಿಡದೆ ಸಾವಿರಾರು ಬಾರಿ ಮಾಡುತ್ತದೆ. ಬಳಕೆದಾರರ ಪಟ್ಟಿಯ ಕಡತದಲ್ಲಿ ಒಂದು ಸಾಲು ಬದಲಾದರೂ ಸಾಕು, ಯಜಮಾನಿಕೆ ಕೈಬದಲಾಗುತ್ತದೆ.

ಚರಿತ್ರೆ ಇನ್ನೂ ರೋಚಕ. ತಾವೇ 11 ವರ್ಷಗಳ ಹಿಂದೆ ಇದನ್ನು ಸರಿಪಡಿಸಲು ಯತ್ನಿಸಿದ್ದಾಗಿಯೂ, ಆ ಯತ್ನ ಚೆನ್ನಾಗಿರಲಿಲ್ಲವೆಂದೂ, ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆಯಾಗಿ ಅದನ್ನು ಹಿಂತೆಗೆಯಲಾಯಿತೆಂದೂ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೋರ್ವಾಲ್ಡ್ಸ್ ತಿದ್ದುಪಡಿಯ ಟಿಪ್ಪಣಿಯಲ್ಲೇ ಬರೆದರು. ಆಗ ಕಾಗದದ ಮೇಲಷ್ಟೇ ಸಾಧ್ಯವೆನಿಸಿದ್ದ, ಎರಡು ಎಳೆಗಳ ಈ ಪೈಪೋಟಿ, ಕರ್ನಲ್‌ನ ಸ್ಮೃತಿ ನಿರ್ವಹಣೆ ಸುಧಾರಿಸಿದಂತೆಲ್ಲ ಸುಲಭವಾಯಿತು ಎಂಬುದು ಅವರದೇ ವಿವರಣೆ.

ಪರಿಹಾರ ಸರಳವಾಗಿತ್ತು: ಚೀಟಿಯನ್ನು ಹರಿಯದೆ ಅದರ ಮೇಲೆ 'ನಕಲಾಗಿದೆ' ಎಂದು ಬರೆದಿಡುವುದು, ಮತ್ತು ಪುಟದ ಮೇಲೆ 'ಮಾಸಿದೆ' (ಡರ್ಟಿ, ಅಂದರೆ ಬರವಣಿಗೆ ತಗಲಿದೆ) ಎಂಬ ಗುರುತಿದ್ದರೆ ಮಾತ್ರ ಅದನ್ನು ನಕಲೆಂದು ನಂಬುವುದು. 2017ರಲ್ಲಿ, ದೊಡ್ಡ ಗಾತ್ರದ ಪುಟಗಳಿಗೆ ನಕಲಾಗದೆಯೂ ಆ ಗುರುತು ಬೀಳಬಹುದೆಂದು ತಿಳಿದುಬಂದು, ತಿದ್ದುಪಡಿಯನ್ನೇ ತಿದ್ದಬೇಕಾಯಿತು.