ಮರಿಗಳ ರೇಷ್ಮೆ, ದೊಡ್ಡವರ ಮನೆ

ಶಿರಸಿ ಕಡೆ ಮಾವಿನ ಮರ ಹತ್ತಿದವರಿಗೆ ಚಗಳಿಯ ಪರಿಚಯ ಹೊಸದಾಗಿ ಮಾಡಿಸಬೇಕಿಲ್ಲ. ಕೆಂಪು ಇರುವೆ. ಕಚ್ಚುತ್ತದೆ, ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಆ ಉರಿ ಗೊತ್ತಲ್ವಾ? ಆದರೆ ಒಮ್ಮೆ ದೂರದಲ್ಲಿ ನಿಂತು, ಅದು ಕೊಟ್ಟೆ, ಅಂದರೆ ಎಲೆ ಹೊಲಿದ ಮನೆ, ಕಟ್ಟುವುದನ್ನು ನೋಡಿ.

ಹತ್ತಾರು ಇರುವೆಗಳು ಸಾಲಾಗಿ ನಿಂತು ಎಲೆಯ ಅಂಚನ್ನು ಕಚ್ಚಿ ಎಳೆಯುತ್ತವೆ. ಪಕ್ಕದ ಎಲೆ ದೂರವಿದ್ದರೆ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಳಿ ಮಾಡುತ್ತವೆ. ಎಲೆಗಳು ಹತ್ತಿರ ಬಂದ ಮೇಲೆ ಹೊಲಿಗೆ ಶುರು. ಬೇರೆ ಕೆಲವು ಇರುವೆಗಳು ಬೆಳ್ಳನೆಯ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತರುತ್ತವೆ. ಮರಿಯ ಬಾಯಿಯನ್ನು ಈ ಎಲೆಗೆ ಮುಟ್ಟಿಸಿ, ಆ ಎಲೆಗೆ ಒಯ್ದು, ಮತ್ತೆ ಇತ್ತ ತರುತ್ತವೆ. ಥೇಟ್ ಮಗ್ಗದ ಲಾಳಿ! ಮುಟ್ಟಿಸಿದಲ್ಲೆಲ್ಲ ಮರಿ ರೇಷ್ಮೆಯ ಎಳೆ ಬಿಡುತ್ತದೆ.

ಎಷ್ಟೋ ಜಾತಿಯ ಇರುವೆಗಳಲ್ಲಿ ಮರಿ ಈ ರೇಷ್ಮೆಯಿಂದ ತನಗೇ ಗೂಡು ಸುತ್ತಿಕೊಳ್ಳುತ್ತದೆ. ಚಗಳಿಯ ಮರಿ ಇದ್ದದ್ದನ್ನೆಲ್ಲ ಮನೆಗೆ ಕೊಟ್ಟು, ತಾನು ಬರಿಮೈಯಲ್ಲೇ ಪ್ಯೂಪಾ (ಹುಳು ಇರುವೆಯಾಗುವ ಮುಂಚಿನ ಹಂತ) ಆಗುತ್ತದೆ. ನನಗೆ ಇದು ಕೊಟ್ಟೆಗಿಂತ ದೊಡ್ಡ ಬೆರಗು.

ಪಶ್ಚಿಮ ಘಟ್ಟದ ಕಾಡಿನ ನೆಲದಲ್ಲಿ, ದರಕಿನ (ಉದುರಿದ ಒಣ ಎಲೆಗಳ) ನಡುವೆ ಇನ್ನೊಂದು ಇರುವೆ ಓಡಾಡುತ್ತದೆ. ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂದು ಹೆಸರು, ಜಿಗಿಯುವ ಇರುವೆ ಅನ್ನೋಣ. ದೊಡ್ಡ ಕಣ್ಣು, ಉದ್ದ ದವಡೆ. ಬೇಟೆಗೆ ಒಂಟಿಯಾಗಿ ಹೋಗುತ್ತದೆ, 10 ಸೆಂಟಿಮೀಟರ್‌ವರೆಗೂ ಜಿಗಿಯುತ್ತದೆ. ಚಗಳಿಯ ಸಂಸಾರ ಲಕ್ಷಗಟ್ಟಲೆ. ಇದರದ್ದು ಜಾಸ್ತಿ ಅಂದರೆ ಕೆಲವು ನೂರು.

ಇದರ ಮನೆ ಮಣ್ಣಿನೊಳಗೆ. ನಮ್ಮ ಮಳೆಗೆ ನೆಲದಡಿ ವಾಸ ಅಂದರೆ ಸುಮ್ನೆ ಅಲ್ಲ. 1994ರಲ್ಲಿ ಬೆಂಗಳೂರಿನ ಇರುವೆ ತಜ್ಞ ಮುಸ್ತಾಕ್ ಅಲಿ ಮತ್ತು ವಿದೇಶದ ಸಂಗಡಿಗರು ಈ ಮನೆಯ ರಚನೆಯನ್ನು ವಿವರಿಸಿದರು. ಒಂದರ ಮೇಲೊಂದು ಕೋಣೆ, ಮೇಲೆ ಕಮಾನಿನಂಥ ಮಣ್ಣಿನ ಚಿಪ್ಪು, ಆ ಚಿಪ್ಪಿಗೂ ಹೊರಗಿನ ಮಣ್ಣಿಗೂ ನಡುವೆ ಖಾಲಿ ಜಾಗ. ಮಳೆಗಾಲದಲ್ಲಿ ನೀರು ನುಗ್ಗದಂತೆ ಕಾಯುವ ಕಟ್ಟಡ ಇದು.

ಒಳಗೋಡೆ ನೋಡಿದರೆ ಮತ್ತೆ ರೇಷ್ಮೆ! ಈ ಇರುವೆಯ ಮರಿ ತನ್ನ ಗೂಡನ್ನು ತಾನೇ ಸುತ್ತಿಕೊಳ್ಳುತ್ತದೆ. ದೊಡ್ಡದಾಗಿ ಹೊರಬಂದ ಮೇಲೆ ಉಳಿದ ಖಾಲಿ ಗೂಡಿನ ಚೂರುಗಳನ್ನು ಇರುವೆಗಳು ಗೋಡೆಗೆ ಹಚ್ಚುತ್ತವೆ. ಮಳೆಗಾಲಕ್ಕೆ ನಾವು ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ ಹಾಗೆ, ಆದರೆ ಒಳಗಡೆಯಿಂದ.

ಎಲೆ ಒಣಗಿತೋ, ಚಗಳಿಗೆ ಹೊಸ ಕೊಟ್ಟೆ ಬೇಕು, ಹೊಲಿಯಲು ಮತ್ತೆ ಮರಿಗಳು ಬೇಕು. ಜಿಗಿಯುವ ಇರುವೆಯ ಗೋಡೆಗೆ ಒಂದು ತುಂಡು ರೇಷ್ಮೆ ಸಿಗುವುದು ಹೊಸ ಇರುವೆಯೊಂದು ಗೂಡು ಬಿಟ್ಟು ಹೊರಬಂದ ಮೇಲೆಯೇ.