ಗೆಲುವಿನ ರನ್ ಬಂದರೂ ಲೆಕ್ಕಕ್ಕೆ ಬರಲಿಲ್ಲ ಯಾಕೆ?

ಪ್ರಶ್ನೆ: 1908ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಗೆದ್ದಿದ್ದ ಬೇಸ್‌ಬಾಲ್ ಪಂದ್ಯ ಫ್ರೆಡ್ ಮರ್ಕಲ್ ತಪ್ಪಿನಿಂದ ಟೈ ಆಯಿತಂತೆ. ಅವನು ಮಾಡಿದ್ದಾದರೂ ಏನು?

ಉತ್ತರ: ಸೆಕೆಂಡ್ ಬೇಸ್ ಮುಟ್ಟದೆ ಹೊರಟುಬಿಟ್ಟ, ಅಷ್ಟೇ. ಬೇಸ್‌ಬಾಲ್‌ನಲ್ಲಿ ಫಸ್ಟ್, ಸೆಕೆಂಡ್, ಥರ್ಡ್ ಅನ್ನುವ ಮೂರು ಬೇಸ್ ಮುಟ್ಟಿ, ಬ್ಯಾಟ್ ಮಾಡುವ ಜಾಗವಾದ ಹೋಮ್ ಪ್ಲೇಟ್‌ಗೆ ವಾಪಸ್ ಬಂದರೆ ಒಂದು ರನ್; ಮೂವರು ಔಟ್ ಆದರೆ ಆ ತಂಡದ ಸರದಿ ಮುಗಿಯಿತು. ಆದರೆ ಅದನ್ನು ಅವನೊಬ್ಬನ ತಪ್ಪು ಅಂತ ನಾನು ಒಪ್ಪುವುದಿಲ್ಲ.

ಅವತ್ತು ಸೆಪ್ಟೆಂಬರ್ 23. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಜೈಂಟ್ಸ್‌ಗೆ ಎದುರಾಳಿ ಶಿಕಾಗೋ ಕಬ್ಸ್. ಲೀಗ್ ಪಟ್ಟಕ್ಕೆ ಇಬ್ಬರ ನಡುವೆ ಭಾರಿ ಪೈಪೋಟಿ. ಜೈಂಟ್ಸ್‌ನ ಫಸ್ಟ್ ಬೇಸ್ ಆಟಗಾರ ಫ್ರೆಡ್ ಟೆನ್ನಿಗೆ ಬೆನ್ನು ನೋವು. ಹಾಗಾಗಿ 19 ವರ್ಷದ ಮರ್ಕಲ್‌ಗೆ ಅವಕಾಶ ಸಿಕ್ಕಿತ್ತು.

ಒಂಬತ್ತನೇ ಇನ್ನಿಂಗ್ಸ್‌ನ ಕೊನೆ. ಸ್ಕೋರು 1-1, ಇಬ್ಬರು ಔಟ್. ಫಸ್ಟ್ ಬೇಸ್‌ನಲ್ಲಿ ಮರ್ಕಲ್, ಥರ್ಡ್‌ನಲ್ಲಿ ಮೂಸ್ ಮೆಕಾರ್ಮಿಕ್. ಆಲ್ ಬ್ರಿಡ್ವೆಲ್ ಚೆಂಡನ್ನು ಸೆಂಟರ್ ಫೀಲ್ಡ್ ಕಡೆ ಹೊಡೆದ. ಮೆಕಾರ್ಮಿಕ್ ಹೋಮ್ ಪ್ಲೇಟ್ ಮುಟ್ಟಿದ. ಗೆದ್ದೆವು ಅಂತ ಜನ ಮೈದಾನಕ್ಕೆ ನುಗ್ಗಿದರು. ಮರ್ಕಲ್ ಅರ್ಧ ದಾರಿಯಲ್ಲೇ ತಿರುಗಿ ಡ್ರೆಸಿಂಗ್ ರೂಮಿನ ಕಡೆ ಓಡಿದ.

ನಿಯಮ ಇರುವುದು ಹೀಗೆ. ಬ್ಯಾಟರ್ ಹೊಡೆದು ಫಸ್ಟ್ ಬೇಸ್‌ಗೆ ಬರುತ್ತಿದ್ದರೆ ಅಲ್ಲಿದ್ದವನು ಸೆಕೆಂಡ್‌ಗೆ ಹೋಗಲೇಬೇಕು. ಅವನು ಮುಟ್ಟುವ ಮೊದಲೇ ಫೀಲ್ಡರ್ ಚೆಂಡು ಹಿಡಿದು ಆ ಬೇಸ್ ತುಳಿದರೆ ಅವನು ಔಟ್. ಅದು ಮೂರನೇ ಔಟ್ ಆಗಿದ್ದರೆ, ಅಷ್ಟರಲ್ಲಿ ಇನ್ನೊಬ್ಬ ಹೋಮ್ ಪ್ಲೇಟ್ ಮುಟ್ಟಿದ್ದರೂ ರನ್ ಇಲ್ಲ. ಕ್ರಿಕೆಟ್‌ನಲ್ಲೂ ಓಡುತ್ತಿರುವ ರನ್ ಮುಗಿಯುವ ಮೊದಲು ಒಬ್ಬ ರನೌಟ್ ಆದರೆ ಆ ರನ್ ಸಿಗುವುದಿಲ್ಲ ಅಲ್ವಾ?

ಕಬ್ಸ್‌ನ ಸೆಕೆಂಡ್ ಬೇಸ್ ಆಟಗಾರ ಜಾನಿ ಎವರ್ಸ್ ಇದನ್ನೇ ಕಾಯುತ್ತಿದ್ದ. ಚೆಂಡು ಕೊಡಿ ಅಂತ ಕೂಗಿದ. ಜೈಂಟ್ಸ್‌ನ ಜೋ ಮೆಕ್‌ಗಿನಿಟಿ ನಡುವೆ ಬಂದು ಚೆಂಡು ಕಿತ್ತು ಜನರ ಮಧ್ಯೆ ಎಸೆದ ಅಂತ ಹೇಳುತ್ತಾರೆ. ಕೊನೆಗೆ ಎವರ್ಸ್ ಕೈಗೆ ಒಂದು ಚೆಂಡು ಬಂತು. ಅದು ಅದೇ ಚೆಂಡೋ ಅಲ್ಲವೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಅಂಪೈರ್ ಹ್ಯಾಂಕ್ ಓಡೇ ಮರ್ಕಲ್ ಔಟ್ ಅಂದರು. ಜನ ತುಂಬಿದ್ದ ಮೈದಾನದಲ್ಲಿ ಆಟ ಮುಂದುವರಿಯಲಿಲ್ಲ. ಪಂದ್ಯ ಟೈ.

ನಿಯಮದ ಪ್ರಕಾರ ಓಡೇ ಸರಿ. ಆದರೆ ಆ ಕಾಲದಲ್ಲಿ ಗೆಲುವಿನ ರನ್ ಬಂದ ಕೂಡಲೇ ಓಟ ನಿಲ್ಲಿಸಿ ಹೊರಡುವುದು ಎಲ್ಲರ ರೂಢಿ. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಕಬ್ಸ್ ವಿರುದ್ಧ ಅಲ್ಲಿನ ತಂಡದ ವಾರೆನ್ ಗಿಲ್ ಕೂಡ ಹಾಗೇ ಮಾಡಿದ್ದ. ಅವತ್ತೂ ಎವರ್ಸ್ ತಕರಾರು ಎತ್ತಿದ್ದ, ಅಂಪೈರ್ ಇದೇ ಓಡೇ, ಆದರೆ ರನ್ ಲೆಕ್ಕಕ್ಕೆ ಬಂದಿತ್ತು. ಗಿಲ್ ಹೆಸರು ಯಾರಿಗೆ ನೆನಪಿದೆ ಹೇಳಿ! ಎಲ್ಲರೂ ಮಾಡುತ್ತಿದ್ದ ಕೆಲಸಕ್ಕೆ ಒಬ್ಬ ಹುಡುಗ ಸಿಕ್ಕಿಬಿದ್ದ. 'ಬೋನ್‌ಹೆಡ್', ಅಂದರೆ ಪೆದ್ದ, ಅನ್ನುವ ಹೆಸರು ಜೀವನಪೂರ್ತಿ ಅವನಿಗೆ ಅಂಟಿಕೊಂಡಿತು. ಮ್ಯಾನೇಜರ್ ಜಾನ್ ಮೆಗ್ರಾ ಮಾತ್ರ ಅವನ ಕೈಬಿಡಲಿಲ್ಲ.

ಸೀಸನ್ ಕೊನೆಗೆ ಎರಡೂ ತಂಡಗಳು 98 ಗೆಲುವು, 55 ಸೋಲಿನೊಂದಿಗೆ ಸಮ ಆದವು. ಅಕ್ಟೋಬರ್ 8ರಂದು ಮತ್ತೆ ಆಡಿದಾಗ ಕಬ್ಸ್ 4-2ರಿಂದ ಗೆದ್ದಿತು. ಆಮೇಲೆ ಎರಡು ಲೀಗ್‌ಗಳ ಚಾಂಪಿಯನ್ನರು ಆಡುವ ವರ್ಲ್ಡ್ ಸೀರೀಸ್ ಕೂಡ ಅವರದೇ ಆಯಿತು. ಆದರೆ ಒಂದು ಮಾತು. ಮರ್ಕಲ್ ಪಂದ್ಯದ ನಂತರ ಫಿಲಡೆಲ್ಫಿಯಾ ತಂಡದ ಹೊಸ ಪಿಚರ್ (ಚೆಂಡು ಎಸೆಯುವವನು) ಹ್ಯಾರಿ ಕೊವೆಲೆಸ್ಕಿ ಐದೇ ದಿನಗಳಲ್ಲಿ ಜೈಂಟ್ಸ್‌ನ್ನು ಮೂರು ಸಲ ಸೋಲಿಸಿದ್ದ. ಅದರಲ್ಲಿ ಒಂದನ್ನು ಗೆದ್ದಿದ್ದರೂ ಪಟ್ಟ ಜೈಂಟ್ಸ್‌ಗೇ ಸಿಗುತ್ತಿತ್ತು.